ಐದು ಲೀಟರಿನ ಹಳದಿ ಕ್ಯಾನು

ನಮ್ಮ ಸೊಸೈಟಿಯ ಕಟ್ಟಡಕ್ಕೆ ಬಣ್ಣ ಬಳಿಯುವ ಕೆಲಸ ಶುರುವಾಗಿದೆ. ಬಾಲ್ಕನಿಯ ಸಾಮಾನೆಲ್ಲ ಎಂಟು ದಿನದೊಳಗೆ ಖಾಲಿಯಾಗಬೇಕೆಂದು ಸೆಕ್ರೆಟರಿ ನೋಟಿಸ್ ಹಚ್ಚಿದ್ದಾರೆ. ಮುಂಬಯಿ ಪಕ್ಕದ ಈ ಡೊಂಬಿವಲಿಯ ಬಾಲ್ಕನಿ ನೋಡದವರಿಗೆ ಹೇಳುತ್ತೇನೆ, ಅಲ್ಲಿ ಮನುಷ್ಯರು ನಿಂತು ಗಾಳಿ ತೆಗೆದುಕೊಳ್ಳಲು ಮಾತ್ರ ಜಾಗವಿರುವುದಿಲ್ಲ, ಉಳಿದ ಎಲ್ಲದಕ್ಕೂ ಇರುತ್ತದೆ. ನನ್ನದರಲ್ಲಿ ಹಳೆಯ ಹೊಲಿಗೆ ಯಂತ್ರದ ಕಬ್ಬಿಣದ ಕಾಲು, ಕ್ರಿಸ್ಮಸ್ಸಿನ ನಕ್ಷತ್ರ, ಮುಚ್ಚಳವಿಲ್ಲದ ಮೂರು ಬಕೆಟ್ಟು, ಬಕೆಟ್ಟಿಲ್ಲದ ಒಂದು ಮುಚ್ಚಳ. ಸಹಾಯಕ್ಕೆಂದು ಪುಣೆಯಿಂದ ಬಂದ ಮಗಳು ಶೀಬಾ ಎಲ್ಲವನ್ನೂ ಎರಡೇ ಗಂಟೆಯಲ್ಲಿ ವಿಲೇವಾರಿ ಮಾಡಿದಳು. ಕೊನೆಗೆ ಮೂಲೆಯಲ್ಲಿದ್ದ ಹಳದಿ ಪ್ಲಾಸ್ಟಿಕ್ ಕ್ಯಾನನ್ನು ಎತ್ತಿ ಹಿಡಿದು, ಗುಜರಿಯವನಿಗೆ ಕೊಡಲೇ ಎಂದು ಮರಾಠಿಯಲ್ಲಿ ಕೇಳಿದಳು, "ಮಮ್ಮಿ, ಹಾ ಡಬಾ ಭಂಗಾರವಾಲ್ಯಾಲಾ ದೇಊ ನಾ?" ನನ್ನ ಮಗಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಬೇರೆ ಭಾಷೆಯಲ್ಲಿ ಬರುತ್ತದೆ.

"ಅದನ್ನು ಕೆಳಗಿಡು. ಇಡೀ ಮನೆಯನ್ನು ಬೇಕಾದರೆ ಭಂಗಾರದವನಿಗೆ ಕೊಡು, ಅದನ್ನು ಮುಟ್ಟಬೇಡ" ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳಿಬಿಡುತ್ತೇನೆ. ನಾನು ಮೂರು ವಾರದ ಮಟ್ಟಿಗೆ ಮಿಷನರಿಯಾಗಿದ್ದೆ.

ನಗಬೇಡಿ. ಉಡುಪಿ ಕಡೆಯ ಕ್ರೈಸ್ತರ ಮನೆಯಲ್ಲಿ ಹುಟ್ಟಿದ ನಾನು ಚಿಕ್ಕವಳಿದ್ದಾಗ ಮಿಷನರಿ ಎಂದರೆ ಹಡಗಿನಿಂದ ಇಳಿದು, ಜ್ವರ ಬರಿಸಿಕೊಂಡು, ನಮ್ಮ ಭಾಷೆ ಕಲಿತು, ನಮ್ಮ ಮಣ್ಣಿನಲ್ಲೇ ಸಮಾಧಿಯಾದ ದೊರೆ ಎಂದು ತಿಳಿದಿದ್ದೆ. ಅಂಥ ಕೆಲಸಕ್ಕೆ ಐವತ್ತೆರಡು ವರ್ಷದ, ಮಂಡಿನೋವಿನ, ಹೊಲಿಗೆ ಟೀಚರೊಬ್ಬಳನ್ನು ಕರೆಯುತ್ತಾರೆಂದು ಯಾರು ನೆನೆಸಿದ್ದರು? ಏಳು ವರ್ಷದ ಹಿಂದೆ ಕಲ್ಯಾಣದ ನಮ್ಮ ಕನ್ನಡ ಚರ್ಚಿನ ಸಭೆಯಿಂದ ಆರು ಜನರನ್ನು ಟಾಂಜಾನಿಯಾದ ಒಂದು ಗುಡ್ಡದ ಹಳ್ಳಿಗೆ ಕಳಿಸುವುದೆಂದಾಯಿತು. ಮಕ್ಕಳಿಗೆ ಬೈಬಲ್ ಕಥೆ, ಹೆಂಗಸರಿಗೆ ಹೊಲಿಗೆ. ನಮ್ಮವರು ತೀರಿಕೊಂಡು ವರ್ಷವಾಗಿತ್ತು, ಶೀಬಾ ಹಾಸ್ಟೆಲಿನಲ್ಲಿದ್ದಳು, ಸಂಜೆ ಮನೆಗೆ ಬಂದರೆ ಗೋಡೆಯ ಜತೆ ಮಾತು. ಹೆಸರು ಕೊಟ್ಟುಬಿಟ್ಟೆ.

ಹೊರಡುವ ಮೊದಲು ಪಾಸ್ಟರ್ ಜಯಾನಂದ ನಮಗೆ ನಾಲ್ಕು ಶನಿವಾರ ತರಬೇತಿ ಕೊಟ್ಟರು. ನಮ್ಮ ದೇಶದೊಂದಿಗೆ ಹೋಲಿಸಬಾರದು, ಕೊಟ್ಟದ್ದನ್ನು ಬೇಡ ಎನ್ನಬಾರದು, ಗೊಣಗಬಾರದು. ಮೂರನೆಯದನ್ನು ಹೇಳುವಾಗ ಅವರು ನನ್ನನ್ನೇ ನೋಡಿದರು. ನಾನು ಸುಮ್ಮನಿರಲಿಲ್ಲ. "ಪಾಸ್ಟರ್, ಇಪ್ಪತ್ತೆಂಟು ವರ್ಷ ಡೊಂಬಿವಲಿ ಲೋಕಲ್‌ನಲ್ಲಿ ನಿಂತುಕೊಂಡೇ ಹೋಗಿಬಂದವಳು ನಾನು. ನನಗೆ ಕಷ್ಟದ ಪಾಠವಾ?" ಎಂದೆ. ಆ ಮಾತು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ನೆಲಮಹಡಿಯ ವಸಂತಕ್ಕನಿಗೆ ಮಾತ್ರ ನನ್ನ ಮೇಲೆ ಅಷ್ಟು ಭರವಸೆಯಿರಲಿಲ್ಲ. ಅವರದು ಸ್ಟೇಷನ್ ಹತ್ತಿರ ಶಾಕಾಹಾರಿ ಹೋಟೆಲು, ನಮ್ಮೂರಿನ ಕಡೆಯವರೇ, ದಿನಾ ಬೆಳಿಗ್ಗೆ ತುಳಸಿಗೆ ನೀರು ಹಾಕಿದ ಮೇಲೆಯೇ ಕಾಫಿ. "ನಿನ್ನ ಯೇಸುಸ್ವಾಮಿ ಆತ್ಮ ನೋಡಿಕೊಳ್ತಾರೆ ಸುಗುಣಾ, ಹೊಟ್ಟೆಗೆ ಎಂತ ಮಾಡ್ತಿ?" ಎನ್ನುತ್ತ ಎರಡು ಕಿಲೋ ಚಟ್ನಿಪುಡಿ ಕಟ್ಟಿಕೊಟ್ಟರು. ಬೈಬಲಿಗಿಂತ ಅದೇ ಭಾರವಿತ್ತು.

ಅಲ್ಲಿ ಇಳಿದ ಮೊದಲ ದಿನವೇ ನನ್ನ ಮಾನ ಹೋಯಿತು. ಪಟ್ಟಣದಿಂದ ಹಳ್ಳಿಗೆ ಐದು ಗಂಟೆಯ ಬಸ್ಸು. ಇನ್ನೇನು ಅರ್ಧ ಗಂಟೆಯ ದಾರಿ ಎಂದು ಯಾರೋ ಹೇಳಿದ್ದೇ ತಡ, ನಾನು ಎದ್ದು ಚೀಲ ಎದೆಗವಚಿಕೊಂಡು ಬಾಗಿಲಿನತ್ತ ನುಗ್ಗಿದೆ. ಏನು ಮಾಡಲಿ ಹೇಳಿ, ಅಭ್ಯಾಸ. ಲೋಕಲ್‌ನಿಂದ ಡೊಂಬಿವಲಿಯಲ್ಲಿ ಇಳಿಯುವವರು ಮೂರು ಸ್ಟೇಷನ್ ಮೊದಲೇ, ಮುಂಬ್ರಾ ದಾಟುವಾಗಲೇ ಎದ್ದು ಬಾಗಿಲಿನ ಸಾಲು ಹಿಡಿಯಬೇಕು. ಮುಂದಿನ ದಿವಾ ಬರಲಿ ಎಂದು ಕುಳಿತವರು ಡೊಂಬಿವಲಿ ದಾಟಿ ಕಲ್ಯಾಣದಲ್ಲಿ ಇಳಿಯುತ್ತಾರೆ. ಆದರೆ ಆ ಬಸ್ಸಿನವರು, ಪಾಪ, ನನಗೆ ವಾಂತಿ ಬಂದಿದೆ ಎಂದುಕೊಂಡರು. ಡ್ರೈವರ್ ಗಕ್ಕನೆ ಬ್ರೇಕು ಹಾಕಿದ. ಇಬ್ಬರು ಹೆಂಗಸರು ನನ್ನನ್ನು ಇಳಿಸಿ ರಸ್ತೆಯ ಪಕ್ಕದಲ್ಲಿ ಬಗ್ಗಿಸಿ ಬೆನ್ನು ನೀವಿದರು. ಮೂರನೆಯವಳು ನಿಂಬೆಹಣ್ಣು ಮೂಗಿಗೆ ಹಿಡಿದಳು. ಇಡೀ ಬಸ್ಸು ಕಿಟಕಿಯಿಂದ ತಲೆ ಹೊರಹಾಕಿ ಕಾಯುತ್ತಿತ್ತು. ಅಷ್ಟು ಜನರ ಕಾಳಜಿಗೆ ಬೆಲೆ ಕೊಡಲಿಕ್ಕಾದರೂ ಸ್ವಲ್ಪ ವಾಂತಿ ಆಗಬಾರದೇ ಅನ್ನಿಸಿತು, ಆಗಲಿಲ್ಲ.

ಭಾನುವಾರದ ಆರಾಧನೆ ನಾಲ್ಕೂವರೆ ಗಂಟೆ. ಅದರಲ್ಲಿ ಎರಡು ಗಂಟೆ ಕುಣಿತ. ಕೀರ್ತನೆ ಹಾಡುವಾಗ ಪುಸ್ತಕದಿಂದ ಕಣ್ಣು ಕೂಡ ಎತ್ತದ ಸಭೆಯವರು ನಾವು. ಪಾಸ್ಟರ್ ಜಯಾನಂದರು ಕುಣಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಊರಿಗೆ ಬಂದ ಮೇಲೆ ಯಾರಿಗೂ ಹೇಳಕೂಡದೆಂದು ಅವರು ಕೇಳಿಕೊಂಡಿದ್ದರು. ಏಳು ವರ್ಷ ಹೇಳಲಿಲ್ಲ, ಸಾಕು. ಬೆಂಚಿನ ಮೇಲೆ ಮೂವರು ಆರಾಮವಾಗಿ ಕುಳಿತಿದ್ದರೆ ನನ್ನ ಕೈ ತಾನಾಗಿಯೇ "ಥೋಡಾ ಸರ್ಕೋ" ಎಂದು ಸನ್ನೆ ಮಾಡುತ್ತಿತ್ತು, ಲೋಕಲ್‌ನಲ್ಲಿ ಮೂವರ ಸೀಟಿನ ಅಂಚಿಗೆ ನಾಲ್ಕನೆಯವರಾಗಿ ಕೂರುವುದು ನಮ್ಮ ಹಕ್ಕಲ್ಲವೇ. ಅವರು ಸರಿಯುವ ಬದಲು ಮೂವರೂ ಎದ್ದು ಇಡೀ ಬೆಂಚನ್ನೇ ನನಗೆ ಬಿಟ್ಟುಕೊಡುತ್ತಿದ್ದರು. ಅಷ್ಟು ದೊಡ್ಡ ಬೆಂಚಿನಲ್ಲಿ ಒಬ್ಬಳೇ ಕುಳಿತು ಪ್ರಾರ್ಥಿಸುವಷ್ಟು ನಾಚಿಕೆಗೇಡು ಇನ್ನೊಂದಿಲ್ಲ.

ಇನ್ನು ಹೊಲಿಗೆ ತರಗತಿ. ಲಂಗ, ಬ್ಲೌಸು, ಫ್ರಾಕಿನ ಅಳತೆಯ ಕಾಗದಗಳನ್ನು ಕೊಳವೆಯಲ್ಲಿ ಸುತ್ತಿ ಒಯ್ದಿದ್ದೆ. ಮೊದಲ ದಿನ ಹನ್ನೆರಡು ಹೆಂಗಸರು ಬಂದರು. ಎಲ್ಲರೂ ತಾವೇ ಹೊಲಿದ ಗೌನು ತೊಟ್ಟಿದ್ದರು, ತೋಳಿಗೆ ಎಂಥ ನೆರಿಗೆ ಅಂತೀರಿ, ನನಗೆ ಈ ಜನ್ಮದಲ್ಲಿ ಬರದ ಕೆಲಸ. ಎರಡನೆಯ ದಿನದಿಂದ ನಾನು ವಿದ್ಯಾರ್ಥಿನಿ. ವರದಿಯಲ್ಲಿ ಮಾತ್ರ "ಹೊಲಿಗೆ ತರಬೇತಿ ಯಶಸ್ವಿ" ಎಂದು ಬರೆದೆವು. ಯಾರು ಯಾರಿಗೆ ಎಂದು ಬರೆಯಲಿಲ್ಲ.

ನಾನು ಉಳಿದುಕೊಂಡದ್ದು ಬೀಬಿಯ ಮನೆಯಲ್ಲಿ. ಬೀಬಿ ಎಂದರೆ ಅವರ ಮಾತಿನಲ್ಲಿ ಅಜ್ಜಿ. ಅರವತ್ತು ದಾಟಿದ ವಿಧವೆ, ಎತ್ತರದ ಹೆಂಗಸು, ಮಾತು ಕಡಿಮೆ. ಮಗ ಯೋನಾ ಶಾಲೆಯಲ್ಲಿ ಮಾಸ್ತರ, ಅವನಿಗೆ ಇಂಗ್ಲಿಷು ಬರುತ್ತಿತ್ತು. ಅವನು ಇಲ್ಲದಾಗ ನಾನು ಮತ್ತು ಬೀಬಿ ಕೈಸನ್ನೆಯಲ್ಲಿ ಸಂಸಾರ ನಡೆಸುತ್ತಿದ್ದೆವು. ಜೋಳದ ಹಿಟ್ಟಿನ ಮುದ್ದೆ, ಉಪ್ಪಿಲ್ಲ, ಖಾರವಿಲ್ಲ, ದಿನಕ್ಕೆ ಎರಡು ಹೊತ್ತು. ನಾನು ಕದ್ದು ಕದ್ದು ಚಟ್ನಿಪುಡಿ ಉದುರಿಸಿಕೊಳ್ಳುತ್ತಿದ್ದೆ. ಒಂದು ದಿನ ಬೀಬಿ ಬೆರಳ ತುದಿಯಲ್ಲಿ ನೆಕ್ಕಿ ನೋಡಿದರು. ಐದು ನಿಮಿಷ ಕೆಮ್ಮಿದರು. ಆಮೇಲೆ ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿ ಬಹಳ ಹೊತ್ತು ಪ್ರಾರ್ಥನೆ ಮಾಡಿದರು.

ಇಲ್ಲಿಯವರೆಗೆ ನಗುವ ಮಾತು. ಇನ್ನು ಹೇಳುವುದನ್ನು ನಾನು ಬಹಳ ವರ್ಷ ಯಾರಿಗೂ ಹೇಳಿರಲಿಲ್ಲ.

ನಮ್ಮ ಕಟ್ಟಡದಲ್ಲಿ ಕುಡಿಯುವ ನೀರು ಬರುವುದು ಬೆಳಿಗ್ಗೆ ಐದೂವರೆಗೆ, ಮುಕ್ಕಾಲು ಗಂಟೆ. ಮದುವೆಯಾಗಿ ಬಂದ ಮಾರನೆಯ ದಿನದಿಂದ ನನ್ನ ಮೈಯಲ್ಲಿ ಅದರ ಅಲಾರಂ ಕುಳಿತಿದೆ. ನಲ್ಲಿ ಗೊಳಗೊಳ ಎಂದರೆ ಸಾಕು, ಎದ್ದು ನಿನ್ನೆಯ ನೀರನ್ನೆಲ್ಲ ಚೆಲ್ಲಿ, ಪಾತ್ರೆ ತಿಕ್ಕಿ, ಹೊಸ ನೀರು ಹಿಡಿಯಬೇಕು. ನಿನ್ನೆಯ ನೀರು ಕುಡಿಯುವುದುಂಟೇ? ಅತ್ತೆಯವರ ಕಾಲದಿಂದ ಬಂದ ಪದ್ಧತಿ, ವಸಂತಕ್ಕನ ಮನೆಯಲ್ಲೂ ಹಾಗೆಯೇ.

ಬೀಬಿಯ ಅಂಗಳದ ಮೂಲೆಯಲ್ಲಿ ಒಂದು ನಲ್ಲಿಯಿತ್ತು. ನಾಲ್ಕನೆಯ ದಿನ ಬೆಳಗಿನ ಜಾವ ಅದು ಗೊಳಗೊಳ ಎಂದಿತು. ನಾನು ಹಾಸಿಗೆಯಿಂದ ಹಾರಿದೆ. ಮನೆಯವರಿಗೆ ಎಚ್ಚರವಾಗುವುದರೊಳಗೆ ಎಲ್ಲ ಕೆಲಸ ಮುಗಿಸಿ ಶಾಬಾಶ್ ಅನ್ನಿಸಿಕೊಳ್ಳುವ ಹುಮ್ಮಸ್ಸು. ಅಡಿಗೆಮನೆಯಲ್ಲಿ ಸಾಲಾಗಿ ಇಟ್ಟಿದ್ದ ಹಳದಿ ಕ್ಯಾನುಗಳು, ಮೂರು ದೊಡ್ಡವು, ಒಂದು ಸಣ್ಣದು. ಎಲ್ಲದರ ನೀರನ್ನೂ ಅಂಗಳಕ್ಕೆ ಸುರಿದೆ. ಬೂದಿ ಹಾಕಿ ತಿಕ್ಕಿದೆ. ನಲ್ಲಿಯ ಕೆಳಗೆ ಇಟ್ಟೆ. ನಲ್ಲಿ ಒಂದು ಲೋಟದಷ್ಟು ಕೆಂಪು ನೀರು ಉಗುಳಿ, ಉಸ್ಸೆಂದು ಗಾಳಿ ಬಿಟ್ಟು ಸುಮ್ಮನಾಯಿತು.

ಅದು ಎರಡು ವರ್ಷದಿಂದ ದಿನಾ ಬೆಳಿಗ್ಗೆ ಹಾಗೆಯೇ ಸದ್ದು ಮಾಡುತ್ತದಂತೆ, ನೀರು ಬರುವುದಿಲ್ಲವಂತೆ. ಯೋನಾ ಆಮೇಲೆ ಹೇಳಿದ. ನಾನು ಚೆಲ್ಲಿದ್ದು ಗುಡ್ಡದ ಬುಡದ ಒರತೆಯಿಂದ ಬೀಬಿ ಹಿಂದಿನ ದಿನ ಹೊತ್ತು ತಂದ ನೀರು. ಇಳಿಯಲು ಅರ್ಧ ಗಂಟೆ, ತುಂಬಿಕೊಂಡು ಹತ್ತಲು ಒಂದು ಗಂಟೆ. ಅತಿಥಿ ಬಂದಿದ್ದಾಳೆಂದು ನಾಲ್ಕು ಸಲ ಹೋಗಿ ತಂದಿದ್ದರು.

ಬೀಬಿ ಹೊರಗೆ ಬಂದರು. ಒದ್ದೆ ಅಂಗಳ ನೋಡಿದರು, ಬೋರಲು ಹಾಕಿದ ಕ್ಯಾನುಗಳನ್ನು ನೋಡಿದರು, ನನ್ನನ್ನು ನೋಡಿದರು. ದೊಡ್ಡ ಕ್ಯಾನು ಎತ್ತಿಕೊಂಡು ಇಳಿಜಾರಿನ ಕಡೆ ನಡೆದರು. ನಾನು ಸಣ್ಣದನ್ನು ಹಿಡಿದು ಹಿಂದೆ ಓಡಿದೆ. ಹತ್ತುವಾಗ ಅವರ ತಲೆಯ ಮೇಲೆ ಇಪ್ಪತ್ತು ಲೀಟರು, ನನ್ನ ಕೈಯಲ್ಲಿ ಐದು. ಬೀಬಿ ದಾರಿಯಲ್ಲಿ ಮೂರು ಸಲ ನಿಂತರು. ಎದೆಯ ಮೇಲೆ ಕೈಯಿಟ್ಟು ಉಸಿರು ಎಳೆದುಕೊಂಡರು. ವಯಸ್ಸಾಯಿತಲ್ಲ ಎಂದುಕೊಂಡೆ. ಮೇಲೆ ತಲುಪಿದ ಮೇಲೆ ನಾನು "ಸಾರಿ" ಎನ್ನಲು ಬಾಯಿ ತೆರೆದರೆ ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರಿಸಿದರು. ಅದು ಕ್ಷಮಿಸಿದ್ದೋ, ಬಾಯಿ ಮುಚ್ಚಿಸಿದ್ದೋ ನನಗೆ ತಿಳಿಯಲಿಲ್ಲ. ಉಳಿದ ದಿನಗಳಲ್ಲಿ ಒಮ್ಮೆಯೂ ಆ ಮಾತು ಎತ್ತಲಿಲ್ಲ. ಹೊರಡುವ ದಿನ ಆ ಸಣ್ಣ ಕ್ಯಾನನ್ನು ತೊಳೆದು, ಒಣಗಿಸಿ, ನನ್ನ ಕೈಗೆ ಕೊಟ್ಟರು.

ಏಳು ವರ್ಷ ಅದು ಬಾಲ್ಕನಿಯಲ್ಲಿ ಕುಳಿತು ನನ್ನನ್ನು ನೋಡಿದೆ. ಪ್ರೀತಿಯಿಂದ ಕೊಟ್ಟದ್ದಾ, ಅಥವಾ ನೀರಿನ ಭಾರ ಎಷ್ಟೆಂದು ನೆನಪಿಟ್ಟುಕೋ ಎಂದು ಕೊಟ್ಟದ್ದಾ? ಬಟ್ಟೆ ಒಣಹಾಕಲು ಹೋದಾಗಲೆಲ್ಲ ಅದೇ ಪ್ರಶ್ನೆ. ಬಂದ ಮೇಲೆ ನಾನು ನಿನ್ನೆಯ ನೀರು ಚೆಲ್ಲುವುದನ್ನು ಬಿಟ್ಟುಬಿಟ್ಟೆ. ನಿನ್ನೆಯದು ಮುಗಿಯುವವರೆಗೆ ಅದನ್ನೇ ಕುಡಿಯುತ್ತೇನೆ. ವಸಂತಕ್ಕ ನಮ್ಮ ಮನೆಯಲ್ಲಿ ನೀರು ಕುಡಿಯುವ ಮೊದಲು ಈಗ "ಇವತ್ತಿನದ್ದಾ?" ಎಂದು ಕೇಳುತ್ತಾರೆ.

ಕಳೆದ ಜನವರಿಯಲ್ಲಿ ಯೋನಾನ ಮೆಸೇಜು ಬಂತು. ಅವ್ವನ ಹೃದಯದ ಕವಾಟ ಕೆಟ್ಟಿದೆ, ಬಹಳ ವರ್ಷದಿಂದ ಇದ್ದದ್ದಂತೆ, ನವಿ ಮುಂಬಯಿಯ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿಸಲು ಕರೆತರುತ್ತಿದ್ದೇನೆ, ಅಲ್ಲೇ ಹತ್ತಿರ ಸೀವುಡ್ಸ್‌ನಲ್ಲಿ ರೂಮು ಹಿಡಿದಿದ್ದೇವೆ. ಬಹಳ ವರ್ಷದಿಂದ ಇದ್ದದ್ದು ಎಂಬಲ್ಲಿ ನನ್ನ ಕಣ್ಣು ನಿಂತುಬಿಟ್ಟಿತು. ಆ ಇಳಿಜಾರು, ಎದೆಯ ಮೇಲಿನ ಆ ಕೈ, ಮೂರು ಸಲ. ನಾನು ಅಡಿಗೆಮನೆಯಲ್ಲಿ ಕುಳಿತು ಅತ್ತೆ.

ಸೋಮವಾರ ಆಸ್ಪತ್ರೆಗೆ ಸೇರುವುದಿತ್ತು. ಶನಿವಾರವೇ ಹೋಗಿ ಇಬ್ಬರನ್ನೂ ಟ್ಯಾಕ್ಸಿಯಲ್ಲಿ ಮನೆಗೆ ಕರೆತಂದೆ. ಹಠ ಮಾಡಿ ಕರೆತಂದೆ ಎನ್ನಬೇಕು. ಎದೆ ಸೀಳುವ ಆಪರೇಷನ್, ಏನಾಗುತ್ತದೋ ಯಾರಿಗೆ ಗೊತ್ತು, ಅದಕ್ಕೆ ಮೊದಲು ಆ ಒಂದು ಮಾತು ಹೇಳಿಬಿಡಬೇಕಿತ್ತು. ನಮ್ಮದು ಲಿಫ್ಟಿಲ್ಲದ ಹಳೆಯ ಕಟ್ಟಡ, ನಾನಿರುವುದು ಮೂರನೆಯ ಮಹಡಿ. ಇದನ್ನು ಯೋಚಿಸಿದವರು ವಸಂತಕ್ಕ. ಹೋಟೆಲಿನಿಂದ ಕುರ್ಚಿ ತರಿಸಿ ಮೆಟ್ಟಿಲಿನ ಪ್ರತಿ ತಿರುವಿನಲ್ಲೂ ಒಂದೊಂದು ಇರಿಸಿದ್ದರು. ಬೀಬಿ ಒಂದೊಂದರಲ್ಲೂ ರಾಣಿಯಂತೆ ಕುಳಿತು, ಆ ಮಹಡಿಯ ಬಾಗಿಲಲ್ಲಿ ನಿಂತವರಿಗೆಲ್ಲ ನಮಸ್ಕಾರ ಮಾಡಿ, ಮೇಲೆ ಬಂದರು. ವಸಂತಕ್ಕ ಇಡ್ಲಿ ಕಳಿಸಿ, "ಅವರಿಗೆ ಖಾರ ಹಾಕ್ಲಿಲ್ಲ ಅಂತ ಹೇಳು ಮಾರಾಯ್ತಿ" ಎಂದರು. ಬೀಬಿಯೇ ಚಟ್ನಿಪುಡಿಯ ಡಬ್ಬಿ ಗುರುತು ಹಿಡಿದು, ಬೆರಳ ತುದಿಯಲ್ಲಿ ನೆಕ್ಕಿ, ಕೆಮ್ಮಿ, ನನ್ನ ಹೊಟ್ಟೆಯ ಕಡೆ ಕೈ ತೋರಿಸಿ ನಕ್ಕರು.

ಭಾನುವಾರ ಸಂಜೆ ಹೇಳೋಣವೆಂದಿದ್ದೆ. ಕಲ್ಯಾಣದಿಂದ, ವಿಠ್ಠಲವಾಡಿಯಿಂದ ಸಭೆಯವರು ಪ್ರಾರ್ಥನೆಗೆ ಬಂದರು, ಒಬ್ಬರು ಎದ್ದರೆ ಇನ್ನೊಬ್ಬರು. ಎಲ್ಲರೂ ಹೋದ ಮೇಲೆ ನೋಡಿದರೆ ಬೀಬಿ ನಿದ್ದೆ ಹೋಗಿದ್ದರು. ಅದೂ ಒಂದು ನೆಪವೇ. ನಿಜ ಹೇಳಬೇಕೆಂದರೆ ಧೈರ್ಯ ಬರಲಿಲ್ಲ.

ಸೋಮವಾರ ಬೆಳಿಗ್ಗೆ ಎಚ್ಚರವಾದಾಗ ಅಡಿಗೆಮನೆಯಲ್ಲಿ ನೀರಿನ ಸದ್ದು. ನಲ್ಲಿಯದಲ್ಲ. ಹೋಗಿ ನೋಡಿದೆ. ಬೀಬಿ ಸ್ಟೂಲಿನ ಮೇಲೆ ಕುಳಿತು, ನನ್ನ ಸ್ಟೀಲ್ ಕೊಡದಿಂದ ಲೋಟದಲ್ಲಿ ನೀರು ಮೊಗೆದು ಸಿಂಕಿಗೆ ಹಾಕುತ್ತಿದ್ದರು. ಒಂದೊಂದು ಲೋಟ ಹಾಕುವ ಮೊದಲೂ ಕೈ ಒಂದು ಗಳಿಗೆ ನಿಲ್ಲುತ್ತಿತ್ತು. ಮುಖ ನೋಡಲಾಗುತ್ತಿರಲಿಲ್ಲ, ಅಷ್ಟು ಸಂಕಟ. ಆದರೂ ಚೆಲ್ಲುತ್ತಿದ್ದರು. ಮುಕ್ಕಾಲು ಕೊಡ ಆಗಲೇ ಖಾಲಿ.

ನಾನು ಅವರ ಕೈ ಹಿಡಿದೆ. "ಬೀಬಿ, ಬೇಡ." ಹಾಲಿನಲ್ಲಿ ಮಲಗಿದ್ದ ಯೋನಾನನ್ನು ಕರೆದೆ. ಅವನು ಕಣ್ಣುಜ್ಜುತ್ತ ಬಂದು ಅವ್ವನನ್ನು ಕೇಳಿ, ನನಗೆ ಇಂಗ್ಲಿಷಿನಲ್ಲಿ ಹೇಳಿದ, "ನಿಮ್ಮ ದೇಶದಲ್ಲಿ ನಿನ್ನೆಯ ನೀರು ಇಡಬಾರದಲ್ಲ. ಅವತ್ತು ನಾನು ಹೋಗಿ ಕೇಳಿದ್ದಕ್ಕೆ ನಿಮ್ಮ ಪಾಸ್ಟರ್ ಅವ್ವನಿಗೆ ಹೇಳಿದ್ದರು. ಒಳ್ಳೆಯ ಮನೆಯ ಹೆಂಗಸರು ಬೆಳಿಗ್ಗೆ ಮೊದಲು ಇದನ್ನೇ ಮಾಡೋದು, ಅವಳು ನಿಮ್ಮ ಮನೆಯನ್ನು ತನ್ನ ಮನೆ ಅಂತ ತಿಳಿದಳು ಅಂತ. ಅವ್ವನಿಗೆ ನೀರು ಚೆಲ್ಲೋದು ನೋವೇ. ಆದ್ರೆ ನಿಮ್ಮ ಮನೇಲಿ ನಿಮ್ಮ ಪದ್ಧತಿ."

ಅಲ್ಲಿಯೇ ನೆಲದ ಮೇಲೆ ಕುಳಿತುಬಿಟ್ಟೆ. ಏಳು ವರ್ಷದಿಂದ ನಾನು ಚೆಲ್ಲುವುದು ಬಿಟ್ಟಿದ್ದೇನೆ, ನಿಮ್ಮಿಂದಾಗಿ ಬಿಟ್ಟಿದ್ದೇನೆ, ಅವತ್ತು ನಿಮ್ಮನ್ನು ಆ ಗುಡ್ಡ ಇನ್ನೊಮ್ಮೆ ಹತ್ತಿಸಿದೆ, ನಿಮಗೆ ಎದೆನೋವಿತ್ತು, ನನಗೆ ಗೊತ್ತಾಗಲಿಲ್ಲ, ತಪ್ಪಾಯಿತು ಎಂದು ಕನ್ನಡ, ಹಿಂದಿ, ಇಂಗ್ಲಿಷು ಎಲ್ಲ ಸೇರಿಸಿ ಹೇಳಿದೆ. ಯೋನಾ ಎಷ್ಟನ್ನು ದಾಟಿಸಿದನೋ ತಿಳಿಯದು. ಬೀಬಿ ನನ್ನ ತಲೆಯ ಮೇಲೆ ಕೈಯಿಟ್ಟುಕೊಂಡೇ ಕೇಳಿದರು.

"ಮತ್ತೆ ಆ ಕ್ಯಾನು ಯಾಕೆ ಕೊಟ್ಟರು?" ಎಂದೆ.

ಯೋನಾ ಕೇಳಿದ. ಬೀಬಿ ಇದೆಂಥ ಪ್ರಶ್ನೆ ಎಂಬಂತೆ ನನ್ನನ್ನು ನೋಡಿ ಏನೋ ಹೇಳಿದರು. "ಅದು ನೀವು ಹೊತ್ತ ಕ್ಯಾನು, ಅದಕ್ಕೆ" ಎಂದ ಯೋನಾ. "ನಿಮಗಿಂತ ಮೊದಲೂ ಆಮೇಲೂ ನಮ್ಮ ಮನೆಗೆ ತುಂಬಾ ಜನ ಬಂದಿದ್ದಾರೆ. ನೀರಿಗೆ ಅವ್ವನ ಜತೆ ಗುಡ್ಡ ಇಳಿದವರು ನೀವೊಬ್ಬರೇ."

ಈ ಗದ್ದಲದಲ್ಲಿ ನಲ್ಲಿ ಬಂದು ಹೋಗಿತ್ತು. ಮೂವತ್ತೈದು ವರ್ಷದಲ್ಲಿ ಮೊದಲ ಸಲ ಐದೂವರೆಯ ನೀರು ನನ್ನ ಕಿವಿಗೆ ಬೀಳದೆ ಹೋಯಿತು. ಕೊಡದಲ್ಲಿ ಉಳಿದದ್ದು ನಿನ್ನೆಯ ಕಾಲು ಭಾಗ. ಅದರಲ್ಲಿ ಎರಡು ಲೋಟ ತುಂಬಿ ಬೀಬಿಗೊಂದು ಕೊಟ್ಟೆ, ನಾನೊಂದು ತೆಗೆದುಕೊಂಡೆ. ಇಬ್ಬರೂ ಸಿಂಕಿನ ಪಕ್ಕದಲ್ಲೇ ಕುಳಿತು ಕುಡಿದೆವು.

ಆಪರೇಷನ್ ಚೆನ್ನಾಗಿ ಆಯಿತು. ಬೀಬಿ ಊರಿಗೆ ಹೋಗಿ ಈಗ ಬಹಳ ತಿಂಗಳಾಯಿತು, ಭಾರ ಹೊರಬಾರದೆಂದು ಡಾಕ್ಟರರು ಹೇಳಿದ್ದರಿಂದ ಯೋನಾನೇ ಬೆಳಿಗ್ಗೆ ನೀರಿಗೆ ಹೋಗುತ್ತಾನಂತೆ. ನಲ್ಲಿ ಇನ್ನೂ ಸದ್ದು ಮಾಡುತ್ತಿದೆಯಂತೆ.

ಆದರೆ ನಾನು ಶೀಬಾಳಿಗೆ ಹೇಳಬೇಕೆಂದಿದ್ದದ್ದು ಆ ಸೋಮವಾರದ ಉಳಿದ ಮಾತು. ಆಸ್ಪತ್ರೆಗೆ ಹೊರಡುವ ಮೊದಲು ಮೂರು ಜನಕ್ಕೆ ಚಹಾ, ತಿಂಡಿ, ದಾರಿಗೆ ಕುಡಿಯಲು ನೀರು, ಎಲ್ಲವೂ ಆಗಬೇಕಿತ್ತು. ಬಾಲ್ಕನಿಗೆ ಹೋಗಿ ಹಳದಿ ಕ್ಯಾನು ತೆಗೆದುಕೊಂಡೆ. ಯೋನಾ ಕೈ ಚಾಚಿದ, ಕೊಡಲಿಲ್ಲ. ನೆಲಮಹಡಿಯ ವಸಂತಕ್ಕನ ಮನೆಗೆ ಇಳಿದು ಹೋದೆ. "ಇವತ್ತಿನದ್ದೇ ನೀರು, ತಕೋ" ಎಂದು ಅವರು ತುಂಬಿಸಿಕೊಟ್ಟರು. ಅರವತ್ತರ ಹತ್ತಿರದ ಮಂಡಿ, ಮೂರು ಮಹಡಿ, ಐದು ಲೀಟರು. ಪ್ರತಿ ತಿರುವಿನಲ್ಲೂ ವಸಂತಕ್ಕನ ಕುರ್ಚಿ ಇನ್ನೂ ಇತ್ತು, ನಾನು ಮೂರರಲ್ಲೂ ಕುಳಿತೆ. ಮೇಲೆ ಬಾಗಿಲಲ್ಲಿ ಬೀಬಿ ಗೋಡೆ ಹಿಡಿದು ನಿಂತು ಬಗ್ಗಿ ನೋಡುತ್ತಿದ್ದರು. ನಾನು ಅವರ ಮುಂದೆ ಕ್ಯಾನು ಇಳಿಸಿ, ಏದುಸಿರಿನಲ್ಲೇ ಏನೋ ಹೇಳಲು ಬಾಯಿ ತೆರೆದೆ. ಅವರು ತುಟಿಯ ಮೇಲೆ ಬೆರಳಿಟ್ಟರು. ಈ ಸಲ ನನಗೆ ಅರ್ಥವಾಯಿತು.